ಕಾಗದದ ವೀರಗಲ್ಲು: ಮಲೆನಾಡಿನ ಶಾಲೆಯೊಂದರ ಗೋಡೆಯ ಉಬ್ಬುಶಿಲ್ಪ ಬಾಗಿದ್ದೇಕೆ, ನಿಂತದ್ದು ಹೇಗೆ

ಸಾಗರ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿರುವ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಾಚನಾಲಯದಲ್ಲಿ 2022ರ ಜೂನ್ ಮೊದಲ ವಾರ ನಾವು ಆರು ಅಡಿ ಎತ್ತರ, ನಾಲ್ಕು ಅಡಿ ಅಗಲದ, ಊರಿನ ವೀರಗಲ್ಲಿನ ಪ್ರತಿರೂಪವಾದ ಉಬ್ಬುಶಿಲ್ಪವೊಂದನ್ನು ಗೋಡೆಗೆ ಏರಿಸಿದೆವು. ಹಿಂದಿನ ಹಲಗೆಯೊಂದನ್ನು ಬಿಟ್ಟರೆ ಅದು ಪೂರ್ತಿ ಕಾಗದದ್ದು. ಅದೇ ವರ್ಷದ ಆಗಸ್ಟ್ ಮೂರನೆಯ ವಾರದಲ್ಲಿ ನಾಲ್ಕು ಜನ ಹಿಡಿದು ಅದನ್ನು ಇಳಿಸಬೇಕಾಯಿತು. ಮೇಲಿನ ಎರಡು ಮೂಲೆಗಳು ಗೋಡೆಯಿಂದ ಮೂರೂವರೆ ಸೆಂಟಿಮೀಟರ್ ಮುಂದಕ್ಕೆ ಬಂದಿದ್ದವು, ಶಿಲ್ಪದಲ್ಲಿದ್ದ ಕುದುರೆಯ ಹೊಟ್ಟೆಯ ಭಾಗದಿಂದ ಮಣ್ಣುಹುಳಿ ವಾಸನೆ ಬರುತ್ತಿತ್ತು, ಹಲಗೆಯ ಹಿಂಬದಿಯಲ್ಲಿ ಅಂಗೈ ಅಗಲದ ಬೂಷ್ಟು ಹಬ್ಬಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಅದೇ ಗೋಡೆಗೆ, ಅದೇ ಚಿತ್ರವನ್ನು, ಬಹುಮಟ್ಟಿಗೆ ಅದೇ ಮಕ್ಕಳ ಕೈಯಿಂದ ಮತ್ತೆ ಮಾಡಿ ಏರಿಸಿದೆವು. ಅದು ಇಂದಿಗೂ ಅಲ್ಲೇ ಇದೆ. ಚಿತ್ರಕಲಾ ಶಿಕ್ಷಕನಾಗಿ ಎರಡೂ ಸಲ ಕೆಲಸದ ಹೊಣೆ ನನ್ನದಾಗಿತ್ತು. ಮೊದಲನೆಯದು ಏಕೆ ಕೆಟ್ಟಿತು, ಎರಡನೆಯದರಲ್ಲಿ ಏನನ್ನು ಬದಲಿಸಿದೆವು ಎಂಬುದನ್ನು ಈ ಕೆಲಸಕ್ಕೆ ಕೈಹಾಕುವ ಇತರ ಶಿಕ್ಷಕರಿಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ವಸ್ತುವಿನ ಆಯ್ಕೆ

ಊರಿನ ಕೆರೆ ಏರಿಯ ಬದಿಯಲ್ಲಿ ಒಂದು ವೀರಗಲ್ಲು ಇದೆ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಕಲ್ಲುಗಳು ಅಪರೂಪವಲ್ಲ. ಹಲವು ಕಡೆ ಅವು ಬಟ್ಟೆ ಒಗೆಯುವ ಕಲ್ಲಾಗಿ, ಕಾಲುಸಂಕವಾಗಿ ಬಳಕೆಯಾಗಿ ಸವೆದುಹೋಗಿವೆ. ನಮ್ಮ ಊರಿನದು ಸಾಮಾನ್ಯ ಮೂರು ಹಂತದ ಕಲ್ಲು. ಕೆಳಗಿನ ಅಂಕಣದಲ್ಲಿ ತುರುಗಾಳಗ, ಅಂದರೆ ಹಸುಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರೊಡನೆ ಹೋರಾಟ. ನಡುವಿನ ಅಂಕಣದಲ್ಲಿ ಮಡಿದ ವೀರನನ್ನು ಎರಡೂ ಬದಿಯಿಂದ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಸೂರ್ಯ ಚಂದ್ರರ ಕೆಳಗೆ ಲಿಂಗದ ಮುಂದೆ ಕುಳಿತ ಅದೇ ವೀರ. ಆರನೇ ಮತ್ತು ಏಳನೇ ತರಗತಿಯ ಮಕ್ಕಳು ಆ ಕಲ್ಲನ್ನು ದಿನವೂ ನೋಡುತ್ತಾರೆ, ಆದರೆ ಓದುವುದಿಲ್ಲ. ಕಲ್ಲನ್ನು ಕೈಯಿಂದ ಮತ್ತೊಮ್ಮೆ ಕಟ್ಟಿದರೆ ಓದುತ್ತಾರೆ ಎಂಬುದು ಮುಖ್ಯೋಪಾಧ್ಯಾಯಿನಿಯವರ ವಿಚಾರವಾಗಿತ್ತು. ಕಲ್ಲು ಕೊರೆಯುವುದು ಮಕ್ಕಳ ಕೆಲಸವಲ್ಲ, ಸಿಮೆಂಟು ಕೈ ಸುಡುತ್ತದೆ, ಜೇಡಿಮಣ್ಣಿನ ಅಷ್ಟು ದೊಡ್ಡ ಫಲಕವನ್ನು ಸುಡಲು ಭಟ್ಟಿ ಇಲ್ಲ. ಕಾಗದವಾದರೋ ಶಾಲೆಯಲ್ಲಿ ರಾಶಿ ಬಿದ್ದಿತ್ತು.

ಕಾಗದಕ್ಕೂ ಉಬ್ಬುಗೆಲಸಕ್ಕೂ ಇರುವ ನಂಟು ನಮ್ಮಲ್ಲಿ ಹೊಸದಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ಹಲಗೆಗೆ ಅಂಟಿಸಿದ ಕಾಗದದ ಮೇಲೆ ಮಕ್ಕಿ ಸಫೇದದ (ಬಿಳಿ ಪುಡಿ, ಅಂಟು ಸೇರಿದ) ಪಾಕದಿಂದ ಒಡವೆ, ಸಿಂಹಾಸನ, ಪ್ರಭಾವಳಿಗಳನ್ನು ತೆಳುವಾಗಿ ಉಬ್ಬಿಸಿ, ಆಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಬೊಂಬೆಗಳ ಸಂದುಗಳನ್ನು ನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಅರೆದ ಕಿಟ್ಟದಿಂದ ತುಂಬಿ ರೂಪ ಕೊಡುತ್ತಾರೆ. ಕಾಶ್ಮೀರದಲ್ಲಿ ಕಾಗದದ ಮುದ್ದೆಯನ್ನು ಅಚ್ಚಿನ ಮೇಲೆ ತೆಳುವಾಗಿ ಹೊದಿಸಿ, ಒಣಗಿದ ಮೇಲೆ ಸೀಳಿ ಬಿಡಿಸಿ, ಮತ್ತೆ ಜೋಡಿಸುತ್ತಾರೆ. ಈ ಮೂರೂ ಪದ್ಧತಿಗಳಲ್ಲಿ ಒಂದು ಸಮಾನ ಎಚ್ಚರವಿದೆ: ಒದ್ದೆ ಪಾಕವನ್ನು ಎಲ್ಲಿಯೂ ದಪ್ಪವಾಗಿ ಒಟ್ಟುವುದಿಲ್ಲ. ಈ ಎಚ್ಚರವನ್ನು ನಾನು ಮೊದಲೇ ಗಮನಿಸಿದ್ದರೆ ಒಂದು ವರ್ಷದ ಶ್ರಮ ಉಳಿಯುತ್ತಿತ್ತು.

ಮೊದಲ ಫಲಕ ಹೇಗೆ ತಯಾರಾಯಿತು

ಮೇ ತಿಂಗಳ ಬೇಸಿಗೆ ಶಿಬಿರದ ಮೂರು ವಾರಗಳಲ್ಲಿ ಕೆಲಸ ಮುಗಿಸಬೇಕೆಂದು ನಿಶ್ಚಯಿಸಿದ್ದೆವು, ಏಕೆಂದರೆ ಶಾಲಾ ಪ್ರಾರಂಭೋತ್ಸವದ ದಿನ ಅದು ಗೋಡೆಯ ಮೇಲೆ ಇರಬೇಕಿತ್ತು. ಹಳೆಯ ದಿನಪತ್ರಿಕೆಗಳನ್ನು ಹರಿದು ಒಂದು ರಾತ್ರಿ ನೆನೆಸಿ, ಹಂಡೆಯಲ್ಲಿ ಅರ್ಧ ಗಂಟೆ ಕುದಿಸಿ, ಒರಳಿನಲ್ಲಿ ರುಬ್ಬಿ, ಹಿಂಡಿ, ಮೈದಾ ಅಂಟಿನೊಡನೆ ನಾದಿ ಮುದ್ದೆ ಮಾಡಿದೆವು. ಆರು ಮಿಲಿಮೀಟರ್ ದಪ್ಪದ ಒಂದೇ ಪ್ಲೈವುಡ್ ಹಾಳೆಯ ಮೇಲೆ ಚಿತ್ರ ಬಿಡಿಸಿಕೊಂಡು ಮುದ್ದೆಯನ್ನು ನೇರವಾಗಿ ಒತ್ತುತ್ತ ಹೋದೆವು. ಹಿನ್ನೆಲೆ ಅರ್ಧ ಸೆಂಟಿಮೀಟರ್ ಇದ್ದರೆ ಕುದುರೆಯ ಹೊಟ್ಟೆಯ ಬಳಿ ಮುದ್ದೆಯ ದಪ್ಪ ಐದು ಸೆಂಟಿಮೀಟರ್ ದಾಟಿತ್ತು. ಮೇಲ್ಮೈ ನಾಲ್ಕೈದು ದಿನಕ್ಕೆ ಗಟ್ಟಿಯಾಯಿತು. ಬೆರಳಿನಿಂದ ತಟ್ಟಿದರೆ ಟಕ್ ಎಂದಿತು. ಒಣಗಿದೆ ಎಂದು ನಾನು ತೀರ್ಮಾನಿಸಿ, ಪ್ರೈಮರ್ ಹಚ್ಚಿಸಿ, ಅದರ ಮೇಲೆ ಕಲ್ಲಿನ ಬಣ್ಣದ ಎಮಲ್ಷನ್ ಎರಡು ಕೋಟು, ಕೊನೆಯಲ್ಲಿ ಹೊಳಪಿನ ವಾರ್ನಿಷು ಹೊಡೆಸಿದೆ. ಆರು ತಿರುಪುಗಳಿಂದ ಗೋಡೆಗೆ ಒತ್ತಿ ಬಿಗಿದೆವು. ಪ್ರಾರಂಭೋತ್ಸವದ ದಿನ ಎಲ್ಲರೂ ಮೆಚ್ಚಿದರು, ಮತ್ತು ಆ ಮೆಚ್ಚುಗೆ ಮಕ್ಕಳಿಗೆ ಸಲ್ಲಬೇಕಾದದ್ದೇ ಆಗಿತ್ತು.

ಆರಿದ್ರಾ ಮಳೆ ಹಿಡಿದ ಮೇಲೆ ಫಲಕ ಬದಲಾಗತೊಡಗಿತು. ಮೊದಲು ಕಂಡದ್ದು ಮೂಲೆಗಳ ಏಳಿಕೆ. ತಿರುಪುಗಳು ಹಲಗೆಯ ನಡುಭಾಗವನ್ನು ಹಿಡಿದಿದ್ದವು, ಅಂಚುಗಳಲ್ಲಿದ್ದ ತಿರುಪುಗಳನ್ನು ಮರ ತಾನೇ ಕಿತ್ತುಕೊಂಡು ಬಂದಿತ್ತು. ಪುನರ್ವಸು ಮಳೆಯ ಹೊತ್ತಿಗೆ ವಾರ್ನಿಷಿನ ಕೆಳಗೆ ನವಣೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಆಗಸ್ಟಿನಲ್ಲಿ ವಾಸನೆ. ಇಳಿಸಿದ ದಿನ ಕುದುರೆಯ ಹೊಟ್ಟೆಯನ್ನು ಚಾಕುವಿನಿಂದ ಸೀಳಿ ನೋಡಿದೆವು. ಹೊರಗಿನ ಒಂದು ಸೆಂಟಿಮೀಟರ್ ಚಿಪ್ಪಿನಂತೆ ಗಟ್ಟಿಯಾಗಿತ್ತು, ಅದರ ಒಳಗಿನ ಪದರ ಹಸಿರು ಬೂದು ಬಣ್ಣಕ್ಕೆ ತಿರುಗಿತ್ತು, ನಟ್ಟನಡುವೆ ಮೇ ತಿಂಗಳಲ್ಲಿ ಒತ್ತಿದ ಮುದ್ದೆ ಇನ್ನೂ ಹಿಂಡಿದರೆ ನೀರು ಬರುವಂತಿತ್ತು. ನಮ್ಮ ಬೆರಳ ಗುರುತುಗಳು ಕೂಡ ಅಲ್ಲಿ ಹಾಗೆಯೇ ಉಳಿದಿದ್ದವು. ಮಕ್ಕಳು ಸುತ್ತ ನಿಂತು ಮಾತಿಲ್ಲದೆ ನೋಡಿದರು. ಆ ನೋಟ ನನಗೆ ಬಹಳ ದಿನ ಕಾಡಿತು.

ಕಾರಣಗಳ ವಿಚಾರಣೆ

ಎಲ್ಲರ ಮೊದಲ ಮಾತು, ಮಲೆನಾಡಿನ ಮಳೆಗೆ ಕಾಗದ ತಡೆಯುವುದಿಲ್ಲ ಎಂಬುದಾಗಿತ್ತು. ಅದನ್ನು ಒಪ್ಪಿಕೊಂಡಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ಕೋಣೆಯ ಬೀರುವಿನ ಮೇಲೆ ಒಂಬತ್ತು ವರ್ಷಗಳಿಂದ ಕಾಗದದ ಪದರಗಳಿಂದ ಮಾಡಿದ ಭೂಗೋಳವೊಂದು ಕುಳಿತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಅದೇ ಕಾಗದ, ಅದೇ ಮಳೆ. ವ್ಯತ್ಯಾಸವಿದ್ದದ್ದು ಭೂಗೋಳ ಟೊಳ್ಳು, ತೆಳು, ಎಲ್ಲ ಕಡೆಯಿಂದಲೂ ಒಂದೇ ಸಮನಾದ ಹೊದಿಕೆ ಉಳ್ಳದ್ದು ಎಂಬುದರಲ್ಲಿ.

ಬಾಗುವಿಕೆಯ ಕಾರಣವನ್ನು ನನಗೆ ಬಿಡಿಸಿ ಹೇಳಿದವರು ಶಾಲೆಯ ಬೆಂಚು ದುರಸ್ತಿಗೆ ಬರುತ್ತಿದ್ದ ಆಚಾರ್ರು. ಅವರು ಹಲಗೆಯನ್ನು ನೆಲಕ್ಕೆ ಮಲಗಿಸಿ, ಮೂಲೆಯಿಂದ ಮೂಲೆಗೆ ದಾರ ಎಳೆದು ಹಿಡಿದು, ನಡುವೆ ಉಳಿದ ಸಂದನ್ನು ಬೆರಳಿನಿಂದ ಅಳೆದರು. "ಮೇಷ್ಟ್ರೇ, ಬಾಗಿಲಿಗೆ ಒಂದೇ ಮಗ್ಗುಲಿಗೆ ಬಣ್ಣ ಹೊಡೆದು ಬಿಟ್ರೆ ಅದು ಬಾಗ್ತದೆ. ಇದಕ್ಕೂ ಅದೇ ಆಗಿದೆ. ನೀವು ಮುಂದೆ ಅಷ್ಟೆಲ್ಲ ಮಾಡಿದ್ರಿ, ಹಿಂದೆ ಏನೂ ಮಾಡ್ಲಿಲ್ಲ" ಎಂದರು.

ಅವರ ಮಾತಿನ ಹಿಂದಿರುವ ಕ್ರಿಯೆ ಹೀಗಿದೆ. ಕಾಗದವೆಂದರೆ ಸಸ್ಯದ ನಾರುಗಳ ಹೆಣಿಗೆ. ನೀರಿನಲ್ಲಿ ನೆನೆದಾಗ ನಾರುಗಳು ಉಬ್ಬಿ ಒಂದರಿಂದ ಒಂದು ಸಡಿಲವಾಗುತ್ತವೆ. ನೀರು ಹೋಗುತ್ತಿದ್ದಂತೆ ಅವು ಹತ್ತಿರ ಬಂದು, ಸೆಲ್ಯುಲೋಸಿನ ಅಣುಗಳ ನಡುವೆ ಹೈಡ್ರೋಜನ್ ಬಂಧಗಳು ಮತ್ತೆ ಏರ್ಪಟ್ಟು, ಅಂಟಿಲ್ಲದೆಯೂ ಮುದ್ದೆ ಗಟ್ಟಿಯಾಗುತ್ತದೆ. ಹತ್ತಿರ ಬರುವುದೆಂದರೆ ಕುಗ್ಗುವುದು. ಹಲಗೆಯ ಒಂದೇ ಮುಖದ ಮೇಲೆ ಮುದ್ದೆ ಕುಗ್ಗಿದಾಗ ಅದು ಆ ಮುಖವನ್ನು ತನ್ನೊಡನೆ ಎಳೆಯುತ್ತದೆ, ಎದುರು ಮುಖದಲ್ಲಿ ಆ ಎಳೆತವನ್ನು ತಡೆಯುವುದು ಏನೂ ಇಲ್ಲದಿದ್ದರೆ ಹಲಗೆ ಮುದ್ದೆಯ ಕಡೆಗೆ ಬಟ್ಟಲಿನಂತೆ ಬಾಗುತ್ತದೆ. ಮೇ ತಿಂಗಳಲ್ಲೇ ಈ ಎಳೆತ ಶುರುವಾಗಿತ್ತು. ತಿರುಪುಗಳು ಅದನ್ನು ಕೆಲವು ವಾರ ಮುಚ್ಚಿಟ್ಟವು ಅಷ್ಟೆ. ಮಳೆಗಾಲದಲ್ಲಿ ಹಲಗೆಯ ಬರಿಯ ಹಿಂಬದಿ ಗೋಡೆಯ ತೇವ ಹೀರಿ ಹಿಗ್ಗಿತು, ವಾರ್ನಿಷು ಹೊದ್ದ ಮುಂಬದಿ ಹಿಗ್ಗಲಿಲ್ಲ. ಎರಡೂ ಕಾರಣಗಳು ಒಂದೇ ದಿಕ್ಕಿಗೆ ತಳ್ಳಿದವು.

ಬೂಷ್ಟಿಗೆ ಬೇರೆ ಕಾರಣಗಳಿದ್ದವು. ದಪ್ಪ ಮುದ್ದೆಯ ಹೊರಪದರ ಮೊದಲು ಒಣಗಿ ಬಿಗಿಯುತ್ತದೆ, ಒಳಗಿನ ನೀರಿಗೆ ದಾರಿ ಕಿರಿದಾಗುತ್ತದೆ. ಅದರ ಮೇಲೆ ನಾನು ಹೊಳಪಿನ ವಾರ್ನಿಷು ಹೊಡೆಸಿ ಉಳಿದ ದಾರಿಯನ್ನೂ ಮುಚ್ಚಿದೆ. ಒಳಗೆ ನೀರಿತ್ತು, ಮೈದಾದ ಪಿಷ್ಟವಿತ್ತು. ಬೂಷ್ಟಿಗೆ ಬೇಕಾದ್ದು ಅಷ್ಟೇ. ಗೋಡೆಯೂ ನಿರಪರಾಧಿಯಲ್ಲ. ಅದು ಕೋಣೆಯ ಪಡುವಣ ಗೋಡೆ, ಗಾಳಿಮಳೆಯ ಇರಚಲು ನೇರವಾಗಿ ಹೊಡೆಯುವುದು ಅದಕ್ಕೆ. ಮಳೆಗಾಲದಲ್ಲಿ ಅದರ ಒಳಮೈ ಅಂಗೈಗೆ ತಣ್ಣಗೆ ತಾಗುತ್ತದೆ. ಅಂಥ ಗೋಡೆಗೆ ಹಲಗೆಯನ್ನು ಒತ್ತಿ ಬಿಗಿದಿದ್ದರಿಂದ ಎರಡರ ನಡುವೆ ಗಾಳಿಯಾಡಲಿಲ್ಲ.

ಗೋಡೆಯನ್ನು ಬದಲಿಸಿದರೆ ಸುಲಭವಾಗುತ್ತಿತ್ತು ಎಂದು ಕೆಲವರು ಸೂಚಿಸಿದರು. ನಾನು ಒಪ್ಪಲಿಲ್ಲ, ಕಾರಣ ಬೆಳಕು. ಉಬ್ಬುಶಿಲ್ಪವನ್ನು ಕಣ್ಣಿಗೆ ಕಾಣಿಸುವುದು ಓರೆಯಾಗಿ ಬೀಳುವ ಬೆಳಕು. ಎದುರಿನಿಂದ ಟ್ಯೂಬ್‌ಲೈಟು ಬಿದ್ದರೆ ಎರಡು ಇಂಚು ಉಬ್ಬಿದ ಮುಖವೂ ಕಾಗದಕ್ಕೆ ಬರೆದ ಚಿತ್ರದಂತೆ ಚಪ್ಪಟೆಯಾಗುತ್ತದೆ. ಆ ಪಡುವಣ ಗೋಡೆಗೆ ಎಡಬದಿಯಲ್ಲಿ, ತೆಂಕಣ ಗೋಡೆಯಲ್ಲಿ, ಎತ್ತರದ ಕಿಟಕಿಯಿದೆ. ಅದರಿಂದ ಬರುವ ಬೆಳಕು ಗೋಡೆಯ ಮೈಯನ್ನು ಸವರಿಕೊಂಡು ಹೋಗುತ್ತದೆ. ಕೋಣೆಯ ಬೇರೆ ಯಾವ ಗೋಡೆಗೂ ಆ ಭಾಗ್ಯವಿಲ್ಲ.

ಪರೀಕ್ಷೆಯ ಪಟ್ಟಿಗಳು

ನವೆಂಬರಿನಲ್ಲಿ ಮತ್ತೆ ಆರಂಭಿಸಿದಾಗ ಮೊದಲ ಹದಿನೈದು ದಿನ ಶಿಲ್ಪವನ್ನು ಮುಟ್ಟಲೇ ಇಲ್ಲ. ಸರಿಯಾಗಿ 20 ಸೆಂಟಿಮೀಟರ್ ಉದ್ದದ, ಬೆರಳು ಅಗಲದ ಪಟ್ಟಿಗಳನ್ನು ಬೇರೆ ಬೇರೆ ಮುದ್ದೆಗಳಿಂದ ಮಾಡಿ, ಎಣ್ಣೆ ಸವರಿದ ಹೆಂಚಿನ ಬಿಲ್ಲೆಗಳ ಮೇಲೆ ನೆರಳಿನಲ್ಲಿ ಒಣಗಿಸಿ, ಮತ್ತೆ ಅಳೆದೆವು. ದಿನಪತ್ರಿಕೆ ಮತ್ತು ಮೈದಾದ ಪಟ್ಟಿ 18.2 ಸೆಂಟಿಮೀಟರಿಗೆ ಇಳಿದು, ಎರಡೂ ತುದಿ ಮೇಲೆದ್ದು ದೋಣಿಯಂತಾಯಿತು. ಮೈದಾದ ಬದಲು ಫೆವಿಕಾಲ್ ಸೇರಿಸಿದ್ದು 18.6ಕ್ಕೆ ನಿಂತಿತು. ಹಳೆಯ ನೋಟ್‌ಪುಸ್ತಕದ ಕಾಗದ, ಫೆವಿಕಾಲ್, ಅದಕ್ಕೆ ಹಿಂಡಿದ ಮುದ್ದೆಯ ಅರ್ಧದಷ್ಟು ಚಾಕ್ ಪುಡಿ ಸೇರಿಸಿದ ಪಟ್ಟಿ 19.3 ಸೆಂಟಿಮೀಟರ್ ಇತ್ತು, ತುದಿಗಳು ಹೆಚ್ಚು ಕಡಿಮೆ ನೆಲಕ್ಕೇ ಕೂತಿದ್ದವು. ಚಾಕ್ ಪುಡಿ ನೀರು ಕುಡಿದು ಉಬ್ಬುವುದಿಲ್ಲ, ಆದ್ದರಿಂದ ಕುಗ್ಗುವುದೂ ಇಲ್ಲ. ಅದು ನಾರುಗಳ ನಡುವಿನ ಜಾಗವನ್ನು ಹಿಡಿದು ನಿಲ್ಲುತ್ತದೆ. ಪುಡಿಯನ್ನು ಇನ್ನೂ ಹೆಚ್ಚಿಸಿದ ಪಟ್ಟಿ ಕುಗ್ಗಲಿಲ್ಲ, ಆದರೆ ಕೈಯಲ್ಲಿ ಬಗ್ಗಿಸಿದಾಗ ಬಿಸ್ಕತ್ತಿನಂತೆ ಮುರಿಯಿತು.

ದಿನಪತ್ರಿಕೆಯನ್ನು ಕೈಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಪತ್ರಿಕೆಯ ಕಾಗದವನ್ನು ಬಹುಮಟ್ಟಿಗೆ ಮರವನ್ನು ಯಂತ್ರದಲ್ಲಿ ಅರೆದು ಮಾಡುತ್ತಾರೆ. ಅದರಲ್ಲಿ ಮರದ ನಾರುಗಳನ್ನು ಬಂಧಿಸುವ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ, ನಾರುಗಳು ತುಂಡಾಗಿರುತ್ತವೆ. ಬಿಸಿಲು ಬಿದ್ದರೆ ಹಳದಿಯಾಗಿ ಪೆಡಸಾಗುವುದು ಈ ಕಾರಣದಿಂದ. ಬರೆಯುವ ಕಾಗದದ ನಾರು ಉದ್ದ, ಸ್ವಚ್ಛ. ನಮ್ಮಲ್ಲಿ ಮೂರು ವರ್ಷದ ಹಳೆಯ ನೋಟ್‌ಪುಸ್ತಕಗಳು ಇದ್ದವು. ಪಿನ್ನುಗಳನ್ನು ಕಿತ್ತು, ರಟ್ಟು ಬೇರ್ಪಡಿಸಿ, ಹಾಳೆಗಳನ್ನು ಅಂಚೆಚೀಟಿಯ ಗಾತ್ರಕ್ಕೆ ಹರಿಯುವುದರಲ್ಲೇ ನಾಲ್ಕು ಮಧ್ಯಾಹ್ನಗಳು ಕಳೆದವು. ಮಿಕ್ಸಿಯಲ್ಲಿ ಹೆಚ್ಚು ನೀರು ಹಾಕಿ ಸ್ವಲ್ಪ ಸ್ವಲ್ಪವಾಗಿ ತಿರುಗಿಸಬೇಕು, ಇಲ್ಲದಿದ್ದರೆ ಮೋಟಾರು ಬಿಸಿಯಾಗುತ್ತದೆ. ತೀರ ನುಣ್ಣಗಾದರೆ ನಾರು ತುಂಡಾಗಿ ಬಲ ಹೋಗುತ್ತದೆ. ದೋಸೆಹಿಟ್ಟಿನ ನುಣುಪು ಬೇಡ, ರವೆಯ ತರಿ ಇದ್ದರೆ ಸಾಕು ಎಂಬುದು ನಮ್ಮ ಅಳತೆಯಾಗಿತ್ತು.

ಬೂಷ್ಟು ತಡೆಯಲು ಮೈಲುತುತ್ತ ಸೇರಿಸುವ ಸಲಹೆ ತೋಟಗಾರರ ಊರಿನಲ್ಲಿ ಬಂದೇ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಅದನ್ನು ಸಿಂಪಡಿಸುವವರಿಗೆ ಅದರ ಶಕ್ತಿ ಗೊತ್ತು. ಮಕ್ಕಳು ಗಂಟೆಗಟ್ಟಲೆ ಬರಿಗೈಯಲ್ಲಿ ನಾದುವ ಮುದ್ದೆಗೆ ವಿಷದ ಪುಡಿ ಸೇರಿಸಲು ಮುಖ್ಯೋಪಾಧ್ಯಾಯಿನಿಯವರು ಸುತರಾಂ ಒಪ್ಪಲಿಲ್ಲ, ಮತ್ತು ಅವರದೇ ಸರಿ. ಹುಣಸೆಬೀಜದ ಅಂಟನ್ನೂ ಮಾಡಿ ನೋಡಿದೆವು. ಅದು ಹಿಡಿಯುವ ರೀತಿ ಬಹಳ ಚೆನ್ನ, ಆದರೆ ಅದೂ ಹುಳಕ್ಕೆ, ಬೂಷ್ಟಿಗೆ ಆಹಾರವೇ. ಬಯಲುಸೀಮೆಯ ಒಣ ಹವೆಯಲ್ಲಿ ನಿಲ್ಲುವುದು ನಮ್ಮ ಸೋನೆಮಳೆಯಲ್ಲಿ ನಿಲ್ಲುತ್ತದೆ ಎಂಬ ಭರವಸೆ ನನಗೆ ಬರಲಿಲ್ಲ. ಕೊನೆಗೆ ತಿನ್ನುವಂಥ ಅಂಟು ಯಾವುದನ್ನೂ ಸೇರಿಸದಿರುವುದು, ಪ್ರತಿ ಪದರವನ್ನೂ ಪೂರ್ತಿ ಒಣಗಿಸುವುದು ಎಂಬ ಎರಡೇ ನಿಯಮ ಇಟ್ಟುಕೊಂಡೆವು. ಕಲಸಿದ ಮುದ್ದೆ ಎರಡು ದಿನ ಕೆಡದಿರಲು ಲವಂಗದ ಎಣ್ಣೆಯ ಕೆಲವು ಹನಿ ಹಾಕುತ್ತಿದ್ದೆವು.

ಎರಡನೆಯ ಫಲಕ

ಬದಲಾವಣೆ ಹಿಂಬದಿಯಿಂದ ಆರಂಭವಾಯಿತು. ವೀರಗಲ್ಲಿಗೆ ಮೂರು ಅಂಕಣಗಳಿರುವಾಗ ಹಲಗೆ ಒಂದೇ ಏಕೆ ಇರಬೇಕು ಎಂದು ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದು ಇಡೀ ಕೆಲಸದ ದಿಕ್ಕನ್ನೇ ಸರಿಪಡಿಸಿತು. ನಾಲ್ಕು ಅಡಿ ಅಗಲ, ಎರಡು ಅಡಿ ಎತ್ತರದ ಮೂರು ಹಲಗೆಗಳು. ಕಲ್ಲಿನಲ್ಲಿ ಅಂಕಣಗಳನ್ನು ಬೇರ್ಪಡಿಸುವ ಅಡ್ಡಪಟ್ಟಿಯ ಜಾಗದಲ್ಲೇ ಹಲಗೆಗಳ ಸಂದು. ಚಿಕ್ಕ ಹಲಗೆ ಕಡಿಮೆ ಬಾಗುತ್ತದೆ, ಇಬ್ಬರು ಮಕ್ಕಳು ಎತ್ತಬಹುದು, ಒಂದು ಕೆಟ್ಟರೆ ಮೂರೂ ಕೆಡುವುದಿಲ್ಲ. ಹನ್ನೆರಡು ಮಿಲಿಮೀಟರ್ ದಪ್ಪದ ನೀರು ತಡೆಯುವ ಪ್ಲೈವುಡ್ ತಂದೆವು. ಪ್ಲೈವುಡ್ಡಿಗೆ ನೀರು ಮುಖ್ಯವಾಗಿ ನುಗ್ಗುವುದು ಕೊಯ್ದ ಅಂಚುಗಳಿಂದ, ಆದ್ದರಿಂದ ಆಚಾರ್ರು ಅಂಚುಗಳಿಗೆ ತೆಳು ಮಾಡಿದ ಫೆವಿಕಾಲನ್ನು ಮೂರು ಸಲ ಕುಡಿಸಿದರು. ಹಿಂಬದಿಗೆ ಎರಡು ರೀಪು ಹೊಡೆದರು. ರೀಪುಗಳ ನಡುವಿನ ಜಾಗಕ್ಕೆ ನಾವು ಅದೇ ನೋಟ್‌ಪುಸ್ತಕದ ಹಾಳೆಗಳನ್ನು ಅದೇ ಅಂಟಿನಿಂದ ಪದರ ಪದರವಾಗಿ ಅಂಟಿಸಿದೆವು. ಮುಂದೆ ಒಂದು ಪದರ ಮುದ್ದೆ ಹೋದಾಗಲೆಲ್ಲ ಹಿಂದೆ ಎರಡು ಪದರ ಕಾಗದ. ಎಳೆತಕ್ಕೆ ಪ್ರತಿಯಾಗಿ ಎಳೆತ ಇರಲಿ ಎಂಬುದು ಉದ್ದೇಶ. ಯಾರೂ ನೋಡದ ಈ ಕೆಲಸಕ್ಕೆ ಮಕ್ಕಳು ಮೊದಲು ಬೇಸರಪಟ್ಟರು. ಹಳೆಯ ಹಲಗೆಯನ್ನು ಇನ್ನೊಮ್ಮೆ ತೋರಿಸಿದ ಮೇಲೆ ಬೇಸರಪಡಲಿಲ್ಲ.

ಎತ್ತರವನ್ನು ಮುದ್ದೆಯಿಂದ ಕಟ್ಟುವುದನ್ನು ಪೂರ್ತಿ ಬಿಟ್ಟೆವು. ಅಂಗಡಿಯಿಂದ ತಂದ ಸುಕ್ಕು ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಕುದುರೆಯ ಹೊರಗೆರೆಯನ್ನು ಮೊದಲು ಒಂದು ತುಂಡಿನಲ್ಲಿ, ಅದರ ಮೇಲೆ ಅರ್ಧ ಇಂಚು ಒಳಗೆ ಸರಿದ ಇನ್ನೊಂದು ತುಂಡು, ಅದರ ಮೇಲೆ ಮತ್ತೊಂದು, ಹೀಗೆ ಗುಡ್ಡದ ನಕ್ಷೆಯ ಗೆರೆಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಅಂಟಿಸಿದೆವು. ಒಣ ರಟ್ಟು ಕುಗ್ಗುವುದಿಲ್ಲ, ಒಳಗೆ ಗಾಳಿ ಇರುತ್ತದೆ, ತೂಕವಿಲ್ಲ. ಮೆಟ್ಟಿಲುಗಳನ್ನು ಮುಚ್ಚಿ ಮೈ ನಯಗೊಳಿಸುವಷ್ಟೇ ಮುದ್ದೆ. ಒಂದು ಸಲಕ್ಕೆ ಮೂರರಿಂದ ನಾಲ್ಕು ಮಿಲಿಮೀಟರ್, ಒಟ್ಟು ಎಲ್ಲಿಯೂ ಎಂಟು ಮಿಲಿಮೀಟರ್ ಮೀರದಂತೆ. ದಪ್ಪ ನೋಡಲು ಮಕ್ಕಳು ಬೆಂಕಿಕಡ್ಡಿಯ ಮೇಲೆ ಗೆರೆ ಹಾಕಿಕೊಂಡು ಅಲ್ಲಲ್ಲಿ ಚುಚ್ಚಿ ನೋಡುತ್ತಿದ್ದರು.

ಒಣಗಿದೆಯೇ ಎಂಬುದನ್ನು ಈ ಸಲ ಬೆರಳಿನಿಂದ ತಟ್ಟಿ ತೀರ್ಮಾನಿಸಲಿಲ್ಲ, ತೂಗಿ ತೀರ್ಮಾನಿಸಿದೆವು. ಇಡೀ ಬರಹದಲ್ಲಿ ಒಂದೇ ಒಂದು ಮಾತನ್ನು ಓದುಗರು ಕೊಂಡೊಯ್ಯುವುದಾದರೆ ಇದನ್ನೇ ಕೊಂಡೊಯ್ಯಲಿ ಎಂದು ಬಯಸುತ್ತೇನೆ. ಪಕ್ಕದ ಮನೆಯವರು ಸುಲಿದ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಎರಡು ದಿನಕ್ಕೊಮ್ಮೆ ಕೊಡುತ್ತಿದ್ದರು. ನಡುವಿನ ಹಲಗೆ ಕೊನೆಯ ಪದರ ಹಚ್ಚಿದ ದಿನ 14.2 ಕಿಲೋ ಇತ್ತು. ಎರಡು ದಿನದ ಮೇಲೆ 13, ಆಮೇಲೆ 12.1, ಮುಂದೆ ನಿಧಾನವಾಗಿ ಇಳಿಯುತ್ತ 10.6ಕ್ಕೆ ಬಂದು, ಮೂರು ತೂಕಗಳಲ್ಲಿ ಅಲ್ಲಿಯೇ ನಿಂತಿತು. ಮೈ ಗಟ್ಟಿಯಾದಂತೆ ಕಂಡ ಮೇಲೂ ಹನ್ನೊಂದು ದಿನ ತೂಕ ಇಳಿಯುತ್ತಲೇ ಇತ್ತು. ಮೊದಲ ಫಲಕಕ್ಕೆ ಬಣ್ಣ ಹೊಡೆಸಿದ್ದು ಇಂಥ ಹನ್ನೊಂದು ದಿನಗಳ ಆರಂಭದಲ್ಲಿ, ಅದೂ ಆರು ಪಟ್ಟು ದಪ್ಪದ ಮುದ್ದೆಗೆ. ಒಣಗಿಸಿದ್ದು ಬಿಸಿಲಿನಲ್ಲಲ್ಲ, ಜಗುಲಿಯ ನೆರಳಿನಲ್ಲಿ. ಹಲಗೆಯನ್ನು ಎರಡು ಇಟ್ಟಿಗೆಗಳ ಮೇಲೆ ನಿಲ್ಲಿಸಿ ದಿನಕ್ಕೊಮ್ಮೆ ಮುಖ ತಿರುಗಿಸುತ್ತಿದ್ದೆವು. ಡಿಸೆಂಬರ್ ಜನವರಿಯ ಒಣಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ರೂಪದ ಬಗ್ಗೆ

ಕಾಗದದ ಮುದ್ದೆಗೆ ಉಳಿಯ ಅಂಚು ಬರುವುದಿಲ್ಲ. ಒಣಗುತ್ತ ಅದರ ಏಣುಗಳು ಮೆತ್ತಗಾಗಿ ದುಂಡಗಾಗುತ್ತವೆ. ಮೊದಲ ಸಲ ಮುದ್ದೆಯಲ್ಲೇ ಕತ್ತಿ, ಕಡಿವಾಣ, ಕೊರಳಸರ ಎಲ್ಲವನ್ನೂ ತೀಡಲು ಹೋಗಿ ಎಲ್ಲವೂ ಕರಗಿದ ಮೇಣದಂತೆ ಕಂಡಿದ್ದವು. ಎರಡನೆಯ ಸಲ ಕೆಲಸವನ್ನು ಎರಡು ಭಾಗ ಮಾಡಿದೆವು: ಮೈ, ತೊಡೆ, ಹೊಟ್ಟೆ, ಮೋಡ ಇವು ಮುದ್ದೆಯಲ್ಲಿ, ಚೂಪಾಗಿ ಕಾಣಬೇಕಾದ ಕತ್ತಿ, ಈಟಿ, ಒಡವೆ, ಕುದುರೆಯ ಜೀನು ಇವು ನೋಟ್‌ಪುಸ್ತಕದ ರಟ್ಟಿನಿಂದ ಕತ್ತರಿಸಿ ಅಂಟಿಸಿದವು. ಸರದ ಮಣಿಗಳು ಗೋಣಿದಾರದ ಗಂಟುಗಳು. ಕುದುರೆಯ ಕೇಸರಕ್ಕೆ ಹಲ್ಲು ಮುರಿದ ಬಾಚಣಿಗೆ.

ಆಳವನ್ನು ಹಂಚುವುದು ಇದಕ್ಕಿಂತ ಕಷ್ಟದ ಪಾಠ. ಐದು ಸೆಂಟಿಮೀಟರ್ ಉಬ್ಬಿನಲ್ಲಿ ಕುದುರೆ, ಅದರ ಮೇಲೆ ಸವಾರ, ಹಿಂದೆ ಮೂರು ಹಸು, ಅವುಗಳ ಹಿಂದೆ ಗಿಡ ಎಲ್ಲವೂ ಇರಬೇಕು. ಮಕ್ಕಳು ಸಹಜವಾಗಿ ಪ್ರತಿಯೊಂದನ್ನೂ ದುಂಡಗೆ ಪೂರ್ತಿಯಾಗಿ ಮಾಡಲು ಹೊರಡುತ್ತಾರೆ. ಊರ ಕಲ್ಲಿನ ಮುಂದೆ ಅವರನ್ನು ಕರೆದೊಯ್ದು, ಕಣ್ಣು ಮುಚ್ಚಿ ಅಂಗೈ ಸವರಿ ನೋಡಲು ಹೇಳಿದೆ. ಹಸುಗಳ ಮೈ ಕಲ್ಲಿನಲ್ಲಿ ಹೆಚ್ಚು ಕಡಿಮೆ ಚಪ್ಪಟೆಯಾಗಿಯೇ ಇದೆ, ಅಂಚಿನಲ್ಲಿ ಮಾತ್ರ ಥಟ್ಟನೆ ಇಳಿಯುತ್ತದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯಿತು. ಆ ಇಳಿಜಾರಿನ ನೆರಳೇ ಮೈಯನ್ನು ದುಂಡಗೆ ಕಾಣಿಸುತ್ತದೆ. ನಮ್ಮ ಗೋಡೆಗೆ ಬೆಳಕು ಎಡದಿಂದ ಬರುವುದರಿಂದ ಬಲಗಡೆಯ ಅಂಚುಗಳನ್ನು ಚಮಚದ ಹಿಡಿಯಿಂದ ಒಳಕ್ಕೆ ಒತ್ತಿ ಸಣ್ಣ ಕೊರೆ ಮಾಡಿದೆವು. ನೆರಳಿನ ಗೆರೆ ಅಲ್ಲಿ ಕಪ್ಪಗೆ ಕೂರುತ್ತದೆ. ಎಡದ ಅಂಚುಗಳನ್ನು ಸಾವಕಾಶವಾಗಿ ಹಿನ್ನೆಲೆಗೆ ಇಳಿಸಿದೆವು.

ಕೆಳಗಿನ ಅಂಕಣದಲ್ಲಿ ಊರ ಕಲ್ಲಿನಲ್ಲಿ ಇಲ್ಲದ ಒಂದು ನಾಯಿ ಸೇರಿಕೊಂಡಿದೆ. ಸುಮಾರು 950ರಲ್ಲಿ ನಿಲ್ಲಿಸಿದ, ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಥೆಯನ್ನು ನಾನು ಒಂದು ದಿನ ಮಕ್ಕಳಿಗೆ ಹೇಳಿದ್ದೆ. ಗಂಗರ ಬೂತುಗನಿಂದ ಮಣಲೇರನೆಂಬ ಯೋಧ ಮೆಚ್ಚಿಕೊಂಡು ಪಡೆದ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಆ ನಾಯಿಗಾಗಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮರುದಿನವೇ ಹಸುಗಳ ಕಾಲಿನ ನಡುವೆ ಒಂದು ನಾಯಿಯ ರಟ್ಟಿನ ಆಕಾರ ಅಂಟಿತ್ತು. ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಬಣ್ಣದ ಬಗ್ಗೆ ಕಡಿಮೆ ಹೇಳಿದರೆ ಸಾಕು. ಕಲ್ಲಿನ ಬೂದು ಬಣ್ಣ ಕೊಟ್ಟಾಗ ಫಲಕ ಸಿಮೆಂಟಿನಂತೆ ಕಂಡಿತ್ತು. ಈ ಸಲ ಹಿನ್ನೆಲೆಗೆ ಕೆಮ್ಮಣ್ಣು, ಆಕೃತಿಗಳಿಗೆ ಮುದ್ದೆಯದೇ ಬಿಳಿ. ನಮ್ಮ ಸೀಮೆಯ ದೀವರ ಸಮುದಾಯದ ಮನೆಗಳ ಗೋಡೆಚಿತ್ರವಾದ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುವ ಕೈಗಳು ಆ ಮಕ್ಕಳ ಮನೆಯಲ್ಲೇ ಇವೆ. ಅಂಕಣಗಳ ಸುತ್ತಲಿನ ಅಂಚಿನ ಚಿತ್ತಾರವನ್ನು ಇಬ್ಬರು ಮಕ್ಕಳ ಅಜ್ಜಿಯಂದಿರು ಬಂದು ಎಳೆದುಕೊಟ್ಟರು. ಮೇಲೆ ಹೊಳಪಿಲ್ಲದ ಅಕ್ರಿಲಿಕ್ ವಾರ್ನಿಷನ್ನು ನೀರು ಬೆರೆಸಿ ತೆಳುವಾಗಿ ಎರಡು ಸಲ, ಹಿಂಬದಿಗೂ ಅದೇ ಎರಡು ಸಲ.

ಗೋಡೆಗೆ ತಿರುಪು ಬಿಗಿಯಲಿಲ್ಲ. ಮೇಲಂಚನ್ನು ಓರೆಯಾಗಿ ಕೊಯ್ದ ರೀಪೊಂದನ್ನು ಗೋಡೆಗೆ ಹೊಡೆದು, ಅದಕ್ಕೆ ಸರಿಯಾಗಿ ಎದುರು ಓರೆಯ ರೀಪನ್ನು ಹಲಗೆಯ ಹಿಂದೆ ಕೂರಿಸಿ, ಒಂದರ ಮೇಲೊಂದು ಕಚ್ಚಿಕೊಳ್ಳುವಂತೆ ತೂಗುಹಾಕಿದೆವು. ಹಲಗೆ ಮತ್ತು ಗೋಡೆಯ ನಡುವೆ ಮುಕ್ಕಾಲು ಇಂಚಿನ ಸಂದು ಉಳಿಯುತ್ತದೆ, ಮತ್ತು ಹಲಗೆಯನ್ನು ಮೇಲಕ್ಕೆತ್ತಿದರೆ ಕಳಚಿ ಬರುತ್ತದೆ. ಕೆಳಗಿನ ಹಲಗೆಯ ತಳ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದೆ.

ನಂತರದ ಸ್ಥಿತಿ

2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ ಬಹುಭಾಗ ಬರ ಕಂಡಿತು. ಫಲಕಕ್ಕೆ ಏನೂ ಆಗಲಿಲ್ಲ, ಆದರೆ ಆ ವರ್ಷವನ್ನು ನಾನು ಪರೀಕ್ಷೆಯೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. 2024ರ ಜುಲೈ ನಿಜವಾದ ಪರೀಕ್ಷೆ. ಮೂರು ವಾರ ಬಿಸಿಲು ಕಾಣದ ಮೇಲೆ, ತಿಂಗಳ ಕೊನೆಯಲ್ಲಿ ಮೂರೂ ಹಲಗೆಗಳನ್ನು ಕಳಚಿ ತೂಗಿದೆವು. ನಡುವಿನದು 11.1 ಕಿಲೋ, ಅಂದರೆ ಅರ್ಧ ಕಿಲೋ ನೀರು ಕುಡಿದಿತ್ತು. ದಾರ ಹಿಡಿದು ನೋಡಿದಾಗ ಬಾಗು ನಾಲ್ಕು ಮಿಲಿಮೀಟರ್. ಬೂಷ್ಟು ಕಂಡದ್ದು ಒಂದೇ ಕಡೆ, ಕೆಳಗಿನ ಹಲಗೆಯ ಹಿಂಬದಿಯ ಬಲ ಮೂಲೆಯಲ್ಲಿ. ಅಲ್ಲಿ ಗೋಡೆಯ ಗಾರೆ ಉಬ್ಬಿ ಹಲಗೆಗೆ ತಾಗಿತ್ತು. ಒಣ ಬಟ್ಟೆಯಿಂದ ಒರೆಸಿ, ಗಾರೆಯನ್ನು ಕೆತ್ತಿ, ಆ ಮೂಲೆಯನ್ನು ಗೋಡೆಯಿಂದ ದೂರ ಹಿಡಿಯಲು ಮರದ ತುಂಡೊಂದನ್ನು ಕೊಟ್ಟೆವು. ಡಿಸೆಂಬರಿನಲ್ಲಿ ತೂಕ ಮತ್ತೆ 10.6ಕ್ಕೆ ಇಳಿದಿತ್ತು.

ಒಂದು ದೋಷ ಉಳಿದಿದೆ. ವೀರನ ಈಟಿಯ ಉದ್ದಕ್ಕೂ, ರಟ್ಟಿನ ಪಟ್ಟಿ ಮುದ್ದೆಗೆ ಸೇರುವ ಜಾಗದಲ್ಲಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ರಟ್ಟು ಮತ್ತು ಮುದ್ದೆ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗದಿರುವುದು ಅದಕ್ಕೆ ಕಾರಣ. ಮಳೆಗಾಲದಲ್ಲಿ ಬಿರುಕು ತಾನಾಗಿ ಮುಚ್ಚಿಕೊಳ್ಳುತ್ತದೆ, ಮಾಘದ ಹೊತ್ತಿಗೆ ತೆರೆದುಕೊಳ್ಳುತ್ತದೆ. ತೆರೆದಾಗ ಗಟ್ಟಿ ಪಾಕ ತುಂಬಿದರೆ ಮುಂದಿನ ಮಳೆಗೆ ಎರಡೂ ಬದಿ ಹಿಗ್ಗಿ ಅದನ್ನು ಹೊರಕ್ಕೆ ನೂಕುತ್ತವೆ, ಜೊತೆಗೆ ಈಟಿಯನ್ನೂ ಎಬ್ಬಿಸುತ್ತವೆ. ಚಾಕ್ ಪುಡಿ ಇಲ್ಲದ, ಬರಿಯ ಕಾಗದ ಮತ್ತು ಅಂಟಿನ ಮೆತ್ತನೆಯ ಮುದ್ದೆಯನ್ನು ಬಿರುಕಿನ ಅರ್ಧ ಆಳಕ್ಕೆ ಮಾತ್ರ ತುಂಬಿ ನೋಡಬೇಕೆಂದು ಆಚಾರ್ರೂ ನಾನೂ ಮಾತಾಡಿಕೊಂಡಿದ್ದೇವೆ. ಅದಕ್ಕೆ ಮೊದಲು ಅಂಥದ್ದೇ ಬಿರುಕಿರುವ ಪಟ್ಟಿಯೊಂದನ್ನು ಮಾಡಿ, ಒಂದು ಮಳೆಗಾಲ ಅದೇ ಗೋಡೆಯ ಮೇಲೆ ಫಲಕದ ಪಕ್ಕದಲ್ಲಿ ತೂಗುಹಾಕುತ್ತೇವೆ.